ಮೂಗಿನ ಡ್ರಾಪ್ಸ್ ಬಿಡಲಾಗದ ಗುಮಾಸ್ತರು: ಒಂದು ಪ್ರಕರಣ

ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಯಲ್ಲಿ ದಲಾಲಿ ಅಂಗಡಿಯೊಂದರ ಗುಮಾಸ್ತರು ಅವರು. ವಯಸ್ಸು 38. ಹದಿನಾಲ್ಕು ತಿಂಗಳಿಂದ ಮೂಗು ಕಟ್ಟಿಕೊಂಡಿದೆ, ರಾತ್ರಿ ಬಾಯಿ ತೆರೆದೇ ಮಲಗಬೇಕು, ಗೊರಕೆ ಜೋರಾಗಿದೆ, ಬೆಳಿಗ್ಗೆ ಎದ್ದರೆ ಗಂಟಲು ಒಣಗಿ ಮಾತೇ ಹೊರಡುವುದಿಲ್ಲ ಎಂದು ಹೇಳಿಕೊಂಡು ಮಾರ್ಚ್ ತಿಂಗಳಲ್ಲಿ ನನ್ನ ಬಳಿ ಬಂದರು. ಕೈಯಲ್ಲಿ ಸಿಟಿ ಸ್ಕ್ಯಾನ್ ಫಿಲ್ಮಿನ ದೊಡ್ಡ ಕವರ್ ಇತ್ತು. ಬೇರೆ ಕಡೆ ತೋರಿಸಿದಾಗ, ಮೂಗಿನ ನಡುಗೋಡೆ ಸೊಟ್ಟಗಿದೆ, ಆಪರೇಷನ್ ಮಾಡಿಸಿಕೊಳ್ಳಿ ಅಂದಿದ್ದರಂತೆ. ದುಡ್ಡು ಹೊಂದಿಸುವ ಮೊದಲು ಇನ್ನೊಬ್ಬ ಡಾಕ್ಟರನ್ನು ಕೇಳೋಣ ಎಂದು ಹೆಂಡತಿಯೇ ಹಟ ಹಿಡಿದು ಕರೆದುಕೊಂಡು ಬಂದಿದ್ದರು.

ಅವರ ಒಪ್ಪಿಗೆ ಪಡೆದು, ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿ ಇದನ್ನು ಬರೆಯುತ್ತಿದ್ದೇನೆ. ಇಎನ್‌ಟಿ ವೈದ್ಯರಿಗೆ ಇದು ಅಪರೂಪದ ಕಾಯಿಲೆ ಏನಲ್ಲ. ಆದರೆ ಇದೇ ಪಾಡು ಪಡುತ್ತಿರುವ ಎಷ್ಟೋ ಜನಕ್ಕೆ ತಮಗಿರುವುದು ಇದೇ ಎಂದು ಗೊತ್ತೇ ಇಲ್ಲ.

"ಯಾವ ಔಷಧ ತಗೊಳ್ತಾ ಇದ್ದೀರಿ?" ಎಂದು ಕೇಳಿದೆ.

"ಯಾವ ಔಷಧನೂ ಇಲ್ರೀ ಸರ. ಬಿಪಿ ಬಾರ್ಡರ್ ಐತಿ ಅಂದಾರ, ಅದಕ್ಕೂ ಇನ್ನಾ ಗುಳಿಗಿ ಚಾಲೂ ಮಾಡಿಲ್ಲ."

ಪಕ್ಕದಲ್ಲಿದ್ದ ಹೆಂಡತಿ ಸುಮ್ಮನಿರಲಿಲ್ಲ. "ಕಿಸೇದಾಗ ಇಟ್ಕೊಂಡೀರಲ್ರೀ, ಅದನ್ನ ತೋರಸ್ರಿ ಸರಗ."

ಅಂಗಿ ಕಿಸೆಯಿಂದ ಒಂದು ಪುಟ್ಟ ಪ್ಲಾಸ್ಟಿಕ್ ಬಾಟಲಿ ಹೊರಬಂತು. ಮೇಲಿನ ಲೇಬಲ್ ಬೆವರಿಗೆ, ಬೆರಳಿಗೆ ಸವೆದು ಅರ್ಧ ಅಳಿಸಿತ್ತು. "ಇದು ಔಷಧ ಅಲ್ರೀ ಸರ, ಬರೇ ಮೂಗಿನ ಡ್ರಾಪ್ಸು."

ಇಡೀ ಪ್ರಕರಣ ಈ ಒಂದು ಮಾತಿನಲ್ಲೇ ಇದೆ. ಗುಳಿಗೆ ನುಂಗಿದರೆ ಔಷಧ, ಇಂಜೆಕ್ಷನ್ ಚುಚ್ಚಿಸಿಕೊಂಡರೆ ಔಷಧ. ಮೂಗಿಗೆ ಎರಡು ಹನಿ ಬಿಟ್ಟುಕೊಂಡರೆ ಅದು ಲೆಕ್ಕಕ್ಕೇ ಬರುವುದಿಲ್ಲ. ಅದಕ್ಕೇ ರೋಗಿ ಹೇಳುವುದಿಲ್ಲ, ಅದಕ್ಕೇ ವೈದ್ಯರಿಗೂ ತಿಳಿಯುವುದಿಲ್ಲ. ಮೊದಲು ನೋಡಿದ ವೈದ್ಯರನ್ನು ನಾನು ದೂರುವುದಿಲ್ಲ. ಅವರ ಮುಂದೆ ಈ ಬಾಟಲಿ ಕಿಸೆಯಿಂದ ಹೊರಬಂದೇ ಇರಲಿಲ್ಲ.

ದಿನಕ್ಕೆ ಎಷ್ಟು ಸಲ ಹಾಕಿಕೊಳ್ಳುತ್ತೀರಿ ಎಂದು ಕೇಳಿದರೆ ಯಾರೂ ಸರಿಯಾದ ಲೆಕ್ಕ ಕೊಡುವುದಿಲ್ಲ. "ಬೇಕಾದಾಗ ಅಷ್ಟ" ಎನ್ನುತ್ತಾರೆ. ಅವರು ಸುಳ್ಳು ಹೇಳುತ್ತಾರೆ ಅಂತಲ್ಲ, ನಿಜವಾಗಿಯೂ ಗೊತ್ತಿರುವುದಿಲ್ಲ. ಅದಕ್ಕೆ ನಾನು ಕೇಳುವ ಪ್ರಶ್ನೆಯೇ ಬೇರೆ: ಒಂದು ಬಾಟಲಿ ಎಷ್ಟು ದಿನ ಬರುತ್ತೆ? ಲೆಕ್ಕ ಬರೆಯುವವರಲ್ವಾ, ತಟ್ಟನೆ ಉತ್ತರ ಬಂತು. ನಾಲ್ಕೈದು ದಿನ. 10 ಮಿಲಿಲೀಟರ್ ಬಾಟಲಿಯಲ್ಲಿ ಸುಮಾರು 200 ಹನಿ ಇರುತ್ತದೆ. ಅಂದರೆ ದಿನಕ್ಕೆ 40ರಿಂದ 50 ಹನಿ. ಅವರು ಬಳಸುತ್ತಿದ್ದ ಔಷಧ ಆಕ್ಸಿಮೆಟಾಜೋಲಿನ್, 0.05 ಶೇಕಡಾ. ಒಂದೊಂದು ಹೊಳ್ಳೆಗೆ ಎರಡು ಮೂರು ಹನಿ, ದಿನಕ್ಕೆ ಎರಡು ಸಲ, ಅದೂ ಕೆಲವೇ ದಿನ ಎನ್ನುವುದು ಅದರ ನಿಯಮ. ಹೆಚ್ಚೆಂದರೆ 12 ಹನಿ. ಇವರು ಅದರ ನಾಲ್ಕು ಪಟ್ಟು ಹಾಕುತ್ತಿದ್ದರು, ಒಂದು ವರ್ಷಕ್ಕೂ ಮೇಲೆ.

ಶುರುವಾದದ್ದು ಹಿಂದಿನ ವರ್ಷದ ಜನವರಿಯಲ್ಲಿ. ಮಾರುಕಟ್ಟೆಗೆ ಹೊಸ ಮೆಣಸಿನಕಾಯಿ ಬರುವ ಕಾಲ. ಚೀಲ ಸುರಿದು, ರಾಶಿ ಕೆದಕಿ, ಮತ್ತೆ ತುಂಬುವಾಗ ಏಳುವ ಘಾಟು ಅಲ್ಲಿಯವರಿಗೆ ಹೊಸದಲ್ಲ. ಆ ಹೊತ್ತಿಗೆ ಒಂದು ಸಾದಾ ಶೀತವೂ ಹಿಡಿಯಿತು. ಔಷಧ ಅಂಗಡಿಗೆ ಹೋಗಿ ಮೂಗು ಕಟ್ಟಿದೆ ಅಂದರು, ಅವರು ಬಾಟಲಿ ಕೊಟ್ಟರು. ಹಾಕಿಕೊಂಡ ಐದು ನಿಮಿಷದಲ್ಲಿ ಮೂಗು ಪೂರ್ತಿ ತೆರೆದು ರಾತ್ರಿಯಿಡೀ ನಿದ್ದೆ ಬಂತು. ಶೀತ ವಾರದಲ್ಲಿ ಹೋಯಿತು. ಮೂಗು ಮಾತ್ರ ಬಿಡಲಿಲ್ಲ. ಮೊದಲು ಹನ್ನೆರಡು ಗಂಟೆ ನಿಲ್ಲುತ್ತಿದ್ದ ಪರಿಣಾಮ ಆರು ಗಂಟೆಗೆ ಇಳಿಯಿತು, ಆಮೇಲೆ ಎರಡು ಗಂಟೆಗೆ. ನನ್ನ ಹತ್ತಿರ ಬರುವ ಹೊತ್ತಿಗೆ ಬಾಟಲಿ ನಾಲ್ಕು ಕಡೆ ಇತ್ತು: ಕಿಸೆಯಲ್ಲಿ ಒಂದು, ಅಂಗಡಿಯ ಮೇಜಿನ ಡ್ರಾದಲ್ಲಿ ಒಂದು, ಬೈಕಿನ ಬಾಕ್ಸಿನಲ್ಲಿ ಒಂದು, ದಿಂಬಿನ ಕೆಳಗೆ ಒಂದು. ಅಂಗಡಿಯವರು ಏನಾದರೂ ಅಂದುಕೊಂಡಾರು ಎಂದು ಒಂದೇ ಮೆಡಿಕಲ್ಲಿನಲ್ಲಿ ಕೊಳ್ಳುತ್ತಿರಲಿಲ್ಲ, ಅಂಗಡಿ ಬದಲಿಸುತ್ತಿದ್ದರು.

ಒಮ್ಮೆ ಅಕ್ಕನ ಊರಿಗೆ ಹೋದಾಗ ಬಾಟಲಿ ಮರೆತುಬಿಟ್ಟಿದ್ದರು. ನಡುರಾತ್ರಿ ಎರಡೂ ಹೊಳ್ಳೆ ಕಟ್ಟಿ ಎದೆ ಹಿಡಿದಂತಾಗಿ ಎದ್ದು ಕೂತರು. ಭಾವನನ್ನು ಎಬ್ಬಿಸಿಕೊಂಡು ಹೋಗಿ, ಮುಚ್ಚಿದ್ದ ಮೆಡಿಕಲ್ ಅಂಗಡಿಯ ಮಾಲೀಕರ ಮನೆ ಬಾಗಿಲು ಬಡಿದರು. ಇದನ್ನು ಹೇಳುವಾಗ ತಲೆ ತಗ್ಗಿಸಿದ್ದರು. ನಾಚಿಕೆ ಪಡುವಂಥದ್ದು ಇದರಲ್ಲಿ ಏನೂ ಇಲ್ಲ ಎಂದು ಅವರಿಗೆ ಹೇಳಿದೆ. ಇಲ್ಲೂ ಅದನ್ನೇ ಹೇಳುತ್ತೇನೆ. ಇದು ಮನಸ್ಸಿನ ದೌರ್ಬಲ್ಯ ಅಲ್ಲ, ಮೂಗಿನೊಳಗಿನ ರಕ್ತನಾಳಗಳ ಕಥೆ.

ಒಳಗೆ ನಡೆಯುವುದೇನು

ಮೂಗಿನ ಪಕ್ಕದ ಗೋಡೆಗಳಿಂದ ಒಳಕ್ಕೆ ಚಾಚಿಕೊಂಡ ಸುರುಳಿಗಳಿವೆ. ಅವುಗಳ ಹೆಸರು ಟರ್ಬಿನೇಟ್. ಕೆಳಗಿನದು ಎಲ್ಲಕ್ಕಿಂತ ದೊಡ್ಡದು. ಅದರ ಮೇಲಿನ ಪೊರೆಯ ತುಂಬ ಸಣ್ಣ ಸಣ್ಣ ರಕ್ತದ ಚೀಲಗಳು. ರಕ್ತ ತುಂಬಿದರೆ ಸ್ಪಂಜಿನ ಹಾಗೆ ಉಬ್ಬುತ್ತದೆ, ಖಾಲಿಯಾದರೆ ಕುಗ್ಗುತ್ತದೆ. ಆರೋಗ್ಯವಾಗಿರುವ ಎಷ್ಟೋ ಜನರಲ್ಲೂ ಒಂದು ಹೊಳ್ಳೆ ಸ್ವಲ್ಪ ಬಿಗಿಯಾಗಿ, ಇನ್ನೊಂದು ಸಡಿಲವಾಗಿರುತ್ತದೆ. ಕೆಲವು ಗಂಟೆಗೊಮ್ಮೆ ಅದು ಅದಲುಬದಲಾಗುತ್ತದೆ. ನಮಗೆ ಗೊತ್ತೂ ಆಗುವುದಿಲ್ಲ.

ಈ ರಕ್ತನಾಳಗಳನ್ನು ಬಿಗಿ ಮಾಡುವುದು ನಮ್ಮ ನರಗಳು ಬಿಡುವ ರಾಸಾಯನಿಕವಾದ ನಾರ್‌ಅಡ್ರಿನಲಿನ್. ಆಕ್ಸಿಮೆಟಾಜೋಲಿನ್, ಅದೇ ಬಗೆಯ ಜೈಲೋಮೆಟಾಜೋಲಿನ್ ಎರಡೂ ಅದೇ ಕೆಲಸವನ್ನು ಹೊರಗಿನಿಂದ, ಜೋರಾಗಿ ಮಾಡುತ್ತವೆ. ಅದಕ್ಕೇ ಅಷ್ಟು ಬೇಗ ಮೂಗು ತೆರೆಯುವುದು. ದಿನವೂ ಹಾಕುತ್ತಾ ಹೋದರೆ ಮೂರು ಸಂಗತಿ ನಡೆಯುತ್ತವೆ. ಔಷಧ ಹಿಡಿದುಕೊಳ್ಳುವ ಗ್ರಾಹಕಗಳು ಮಂದವಾಗುತ್ತವೆ. ಹೊರಗಿನಿಂದ ಬರುತ್ತಿದೆಯಲ್ಲ ಎಂದು ನರಗಳು ತಮ್ಮ ನಾರ್‌ಅಡ್ರಿನಲಿನ್ ಬಿಡುವುದನ್ನು ಕಡಿಮೆ ಮಾಡುತ್ತವೆ. ಮತ್ತೆ ಮತ್ತೆ ರಕ್ತ ಕಡಿಮೆಯಾಗಿ ಪೊರೆ ಬಳಲುತ್ತದೆ, ನೀರು ತುಂಬಿ ಊದಿಕೊಳ್ಳುತ್ತದೆ. ಆಗ ಔಷಧದ ಪ್ರಭಾವ ಇಳಿದ ಕೂಡಲೇ ಮೂಗು ಮೊದಲಿಗಿಂತ ಜಾಸ್ತಿ ಕಟ್ಟುತ್ತದೆ. ಕಟ್ಟಿತು ಎಂದು ಮತ್ತೆ ಹಾಕುತ್ತೇವೆ. ಬಾಟಲಿ ಕೆಡದಿರಲಿ ಎಂದು ಸೇರಿಸುವ ಬೆಂಜಾಲ್ಕೋನಿಯಂ ಕ್ಲೋರೈಡ್ ಕೂಡ ಈ ಊತವನ್ನು ಹೆಚ್ಚಿಸಬಲ್ಲದು.

ಇದು ಇವತ್ತು ನಿನ್ನೆಯ ಸಂಗತಿ ಅಲ್ಲ. ಎಫೆಡ್ರಿನ್, ಅಡ್ರಿನಲಿನ್ ಹನಿಗಳನ್ನು ಬಹಳ ಕಾಲ ಹಾಕಿದರೆ ಮೂಗಿನ ಪೊರೆ ಹಾಳಾಗುತ್ತದೆ ಎಂದು 1931ರಲ್ಲೇ ಫಾಕ್ಸ್ ಎಂಬ ವೈದ್ಯರು ಬರೆದಿದ್ದರು. 1946ರಲ್ಲಿ ಲೇಕ್ ಎಂಬವರು ಇದನ್ನು ರೈನೈಟಿಸ್ ಮೆಡಿಕಮೆಂಟೋಸಾ ಎಂದು ಕರೆದರು, ಅಂದರೆ ಔಷಧದಿಂದಲೇ ಬಂದ ಮೂಗಿನ ಊತ. ಈಗಲೂ ಪುಸ್ತಕಗಳಲ್ಲಿ ಅದೇ ಹೆಸರು. ಇಷ್ಟು ಹಳೆಯ ತಿಳುವಳಿಕೆ ಇದ್ದೂ ಅದು ಕೌಂಟರಿನ ಆಚೆ ಬದಿಗೆ ದಾಟಿಲ್ಲ ಎನ್ನುವುದು ನನಗೆ ನೋವಿನ ವಿಷಯ. ಸಣ್ಣ ಅಕ್ಷರದಲ್ಲಿ ಇಂಗ್ಲಿಷಿನಲ್ಲಿ ಬರೆದರೆ ಸಾಲದು. "ಮೂರರಿಂದ ಐದು ದಿನ ಮಾತ್ರ" ಎನ್ನುವ ಒಂದು ಸಾಲು ಕನ್ನಡದಲ್ಲಿ, ಕಣ್ಣಿಗೆ ಕಾಣುವ ಹಾಗೆ ಬಾಟಲಿಯ ಮೇಲೆ ಇರಬೇಕು. ಬಾಟಲಿ ಕೊಡುವವರು ಬಾಯಲ್ಲೂ ಹೇಳಬೇಕು.

ಪರೀಕ್ಷೆಯಲ್ಲಿ ಕಂಡದ್ದು

ಹೊಳ್ಳೆ ಅಗಲಿಸಿ ನೋಡುವ ಸ್ಪೆಕ್ಯುಲಮ್ ಇಟ್ಟು ನೋಡಿದರೆ ಎರಡೂ ಕಡೆಯ ಪೊರೆ ಕಡುಗೆಂಪು. ಮೇಲ್ಮೈ ನುಣುಪಾಗಿರಲಿಲ್ಲ, ತರಿತರಿಯಾಗಿತ್ತು. ಅಲ್ಲಲ್ಲಿ ಸೂಜಿ ಮೊನೆಯಷ್ಟು ರಕ್ತದ ಚುಕ್ಕಿ. ಕೆಳಗಿನ ಟರ್ಬಿನೇಟ್ ಉಬ್ಬಿ ನಡುಗೋಡೆಗೆ ತಾಗಿಕೊಂಡಿತ್ತು. ತಣ್ಣನೆಯ ಸ್ಟೀಲ್ ಪಟ್ಟಿಯನ್ನು ಮೂಗಿನ ಕೆಳಗೆ ಹಿಡಿದರೆ ಉಸಿರಿನ ಹಬೆ ಎರಡೂ ಕಡೆ ಕಾಸಿನಗಲ ಮೂಡಿ ಮಾಯವಾಯಿತು. ಮೂಗು ಕುಗ್ಗಿಸುವ ಔಷಧದಲ್ಲಿ ಅದ್ದಿದ ಹತ್ತಿ ಇಟ್ಟು ಹತ್ತು ನಿಮಿಷ ಕಾದೆವು. ಸಾದಾ ಶೀತದ ಮೂಗಾದರೆ ಚೆನ್ನಾಗಿ ಕುಗ್ಗಿ ಒಳದಾರಿ ಕಾಣುತ್ತದೆ. ಇವರಲ್ಲಿ ಚೂರೇ ಚೂರು ಕುಗ್ಗಿತು. ಎಂಡೋಸ್ಕೋಪಿಯಲ್ಲಿ ಪಾಲಿಪ್ (ಮೂಗಿನೊಳಗೆ ಬೆಳೆಯುವ ಮೆತ್ತನೆಯ ಗಂಟು) ಇಲ್ಲ, ಕೀವು ಇಲ್ಲ. ಬಿಪಿ 148/94. ಖಾಲಿ ಹೊಟ್ಟೆಯ ಸಕ್ಕರೆ 116, ಅದೂ ಗಡಿಯಲ್ಲೇ.

ಸಿಟಿ ಸ್ಕ್ಯಾನಿನಲ್ಲಿ ಮೂಗಿನ ಸುತ್ತಲ ಎಲುಬಿನೊಳಗಿನ ಗಾಳಿಗೂಡುಗಳಾದ ಸೈನಸ್‌ಗಳು ಖಾಲಿ ಇದ್ದವು. ನಡುಗೋಡೆ ಎಡಕ್ಕೆ ಬಾಗಿದ್ದು ನಿಜ. ಆದರೆ ಆ ಬಾಗು ನಿನ್ನೆ ಮೊನ್ನೆಯದಲ್ಲ, ಎಷ್ಟೋ ವರ್ಷದ್ದು. 37 ವರ್ಷ ತೊಂದರೆ ಕೊಡದ ಬಾಗು ಹದಿನಾಲ್ಕು ತಿಂಗಳ ಹಿಂದೆ ಇದ್ದಕ್ಕಿದ್ದಂತೆ ಯಾಕೆ ಕಾಡಬೇಕು? ಎಡಕ್ಕೆ ಬಾಗಿದ್ದರೆ ಬಲಗಡೆ ಜಾಗ ಜಾಸ್ತಿ ಇರಬೇಕು. ಅದೂ ಅಷ್ಟೇ ಕಟ್ಟಿದೆಯಲ್ಲ? ಈ ಎರಡು ಪ್ರಶ್ನೆಗೆ ಸ್ಕ್ಯಾನ್ ಉತ್ತರ ಕೊಡಲಿಲ್ಲ, ಬಾಟಲಿ ಕೊಟ್ಟಿತು. ಡ್ರಾಪ್ಸ್ ಬಿಡಿಸದೆ ಆಪರೇಷನ್ ಮಾಡಿದ್ದರೆ ನೇರ ಗೋಡೆಯ ಕಟ್ಟಿದ ಮೂಗು ಅವರ ಪಾಲಿಗೆ ಉಳಿಯುತ್ತಿತ್ತು.

ಹಾಗಂತ ಎಲ್ಲದಕ್ಕೂ ಡ್ರಾಪ್ಸನ್ನೇ ಹೊಣೆ ಮಾಡಿ ಕೂರುವಂತೆಯೂ ಇಲ್ಲ. ಡ್ರಾಪ್ಸ್ ಹಿಡಿಯುವ ಮೊದಲೂ ಬೆಳಿಗ್ಗೆ ಎದ್ದ ಕೂಡಲೇ ಸಾಲು ಸೀನು, ಕಣ್ಣು ತುರಿಕೆ ಇತ್ತಂತೆ. ಅಲರ್ಜಿಗೆ ಚರ್ಮದ ಪರೀಕ್ಷೆ ಮಾಡಿದಾಗ ಮನೆಧೂಳಿನ ಮೈಟ್ ಹುಳುವಿಗೂ ಪಾರ್ಥೇನಿಯಂ ಪರಾಗಕ್ಕೂ ದದ್ದು ಎದ್ದಿತು. ಕಾಂಗ್ರೆಸ್ ಗಿಡ ಎಂದು ನಾವು ಕರೆಯುವ ಈ ಕಳೆ ಮೈ ತುರಿಕೆ ತರುತ್ತದೆ ಎನ್ನುವುದು ಎಲ್ಲರಿಗೂ ಗೊತ್ತು. ಅದರ ಪರಾಗದಿಂದ ಮೂಗಿನ ಅಲರ್ಜಿಯೂ ಬರುತ್ತದೆ ಎಂದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು 1990ರ ದಶಕದ ಆರಂಭದಲ್ಲೇ ತೋರಿಸಿದ್ದರು. ಇನ್ನು ಮೆಣಸಿನಕಾಯಿಯ ಘಾಟು. ಅದು ಅಲರ್ಜಿಯಲ್ಲ, ಮೆಣಸಿನಕಾಯಿಗೆ ಖಾರ ಕೊಡುವ ಕ್ಯಾಪ್ಸೈಸಿನ್ ಮೂಗಿನ ನರಗಳನ್ನು ನೇರವಾಗಿ ಕೆಣಕುವುದು. ಮೂಲದಲ್ಲಿ ಈ ಅಲರ್ಜಿ ಇದ್ದೇ ಇರುವುದರಿಂದ, ಬಾಟಲಿ ಕಿತ್ತುಕೊಂಡು ಕಳಿಸಿದರೆ ಅವರು ಮತ್ತೆ ಅಂಗಡಿಗೇ ಹೋಗುತ್ತಾರೆ. ಎರಡಕ್ಕೂ ಒಟ್ಟಿಗೆ ಚಿಕಿತ್ಸೆ ಆಗಬೇಕು.

ಬಿಡಿಸಿದ ಬಗೆ

"ಹಂಗಂದ್ರ ಇವತ್ತಿಂದನ ಬಂದ್ ಮಾಡ್ಲೇನ್ರೀ ಸರ?" ಎಂದು ಕೇಳಿದಾಗ ಅವರ ಕೈ ಆಗಲೇ ಕಿಸೆಯ ಮೇಲಿತ್ತು. ಅಕ್ಕನ ಊರಿನ ಆ ರಾತ್ರಿ ಅವರಿಗೆ ಮರೆತಿರಲಿಲ್ಲ.

ಕೆಲವರಿಗೆ ಒಂದೇ ಸಲ ನಿಲ್ಲಿಸುವುದು ಸಾಧ್ಯ. ನಾಲ್ಕೈದು ಕೆಟ್ಟ ರಾತ್ರಿ ಕಳೆದರೆ ಆಮೇಲೆ ನಿಧಾನಕ್ಕೆ ಹಗುರಾಗುತ್ತದೆ. ಇವರಿಗೆ ಅದು ಆಗದ ಮಾತು ಅನ್ನಿಸಿತು. ಐದಾರು ದಿನ ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್ ಗುಳಿಗೆ ಕೊಟ್ಟು ಆ ರಾತ್ರಿಗಳನ್ನು ದಾಟಿಸುವ ವೈದ್ಯರಿದ್ದಾರೆ. ಆ ಗುಳಿಗೆ ಸಕ್ಕರೆ, ಬಿಪಿ ಏರಿಸಬಲ್ಲದು, ಇವರಿಗೆ ಎರಡೂ ಗಡಿಯಲ್ಲಿದ್ದುದರಿಂದ ಅದನ್ನೂ ಬಿಟ್ಟೆ. ಆರಿಸಿಕೊಂಡದ್ದು ಒಂದು ಹೊಳ್ಳೆ ಮುಗಿದ ಮೇಲೆ ಇನ್ನೊಂದು ಎನ್ನುವ ದಾರಿ. ಒಂದು ಹೊಳ್ಳೆ ಆಡುತ್ತಿದ್ದರೆ ಮನುಷ್ಯ ನಿದ್ದೆ ಮಾಡಬಲ್ಲ.

ಮೊದಲ ವಾರ ಡ್ರಾಪ್ಸ್ ನಿಲ್ಲಿಸಲಿಲ್ಲ. ಮೊಮೆಟಾಸೋನ್ ಸ್ಟೀರಾಯ್ಡ್ ಸ್ಪ್ರೇ ಶುರು ಮಾಡಿದೆವು, ಒಂದೊಂದು ಹೊಳ್ಳೆಗೆ ಎರಡು ಸಲ ಒತ್ತುವುದು, ದಿನಕ್ಕೊಮ್ಮೆ. ಇದರ ಕೆಲಸ ನಿಧಾನ, ಪೂರ್ತಿ ಫಲ ಕಾಣಲು ಒಂದೆರಡು ವಾರ ಬೇಕು. ಅದಕ್ಕೇ ಮುಂಚಿತವಾಗಿ ಶುರು ಮಾಡುವುದು. 2010ರಲ್ಲಿ ಸ್ಕಾಟ್‌ಲೆಂಡಿನ ಡಂಡಿಯಲ್ಲಿ ಆರೋಗ್ಯವಂತ 19 ಜನರಿಗೆ ಎರಡು ವಾರ ಆಕ್ಸಿಮೆಟಾಜೋಲಿನ್ ಕೊಟ್ಟು ಮೂಗು ಹೀಗೆ ಮರುಕಟ್ಟುವುದನ್ನು ನೋಡಿದರು. ಆಮೇಲೆ ಮೂರು ದಿನ ಫ್ಲುಟಿಕಾಸೋನ್ ಎಂಬ ಇನ್ನೊಂದು ಸ್ಟೀರಾಯ್ಡ್ ಸ್ಪ್ರೇ ಕೊಟ್ಟಾಗ ಅದು ಹಿಂದಕ್ಕೆ ಸರಿಯಿತು. ವರ್ಷಗಟ್ಟಲೆ ಹಾಕಿದ ಮೂಗು ಮೂರು ದಿನಕ್ಕೆ ಸರಿಹೋಗುತ್ತದೆ ಅಂತ ಇದರ ಅರ್ಥ ಅಲ್ಲ. ದಾರಿ ಸರಿ ಇದೆ ಎನ್ನುವುದಕ್ಕೆ ಸಾಕು.

"ಮತ್ತ ಇದಕ್ಕೂ ಚಟ ಹತ್ತತೈತೇನ್ರೀ?" ಎಂದು ಹೆಂಡತಿ ಕೇಳಿದರು. ಬಹಳ ಒಳ್ಳೆಯ ಪ್ರಶ್ನೆ. ಸ್ಪ್ರೇ ಅಂದರೆ ಎಲ್ಲವೂ ಒಂದೇ ಎಂದು ಹೆದರಿ, ನಿಜವಾಗಿ ಬೇಕಾದ ಸ್ಪ್ರೇಯನ್ನೇ ಬಿಟ್ಟುಬಿಡುವವರು ಜಾಸ್ತಿ. ಸ್ಟೀರಾಯ್ಡ್ ಸ್ಪ್ರೇ ರಕ್ತನಾಳವನ್ನು ಹಿಂಡುವುದಿಲ್ಲ, ಊತವನ್ನು ಇಳಿಸುತ್ತದೆ. ಬಿಟ್ಟರೆ ಮೂಗು ಮರುಕಟ್ಟುವ ಸಮಸ್ಯೆ ಅದರಲ್ಲಿಲ್ಲ. ಹೊಡೆಯುವ ರೀತಿ ಮಾತ್ರ ಸರಿಯಾಗಿರಬೇಕು. ಬಲ ಹೊಳ್ಳೆಗೆ ಎಡಗೈ, ಎಡ ಹೊಳ್ಳೆಗೆ ಬಲಗೈ. ತಲೆ ಸ್ವಲ್ಪ ಮುಂದಕ್ಕೆ ಬಾಗಿರಲಿ. ತುದಿ ಕಣ್ಣಿನ ಹೊರಮೂಲೆಯ ಕಡೆ ನೋಡುತ್ತಿರಲಿ, ನಡುಗೋಡೆಯ ಕಡೆ ಅಲ್ಲ. ನಡುಗೋಡೆಗೇ ಹೊಡೆಯುತ್ತಿದ್ದರೆ ರಕ್ತ ಬರುತ್ತದೆ. ಹೊಡೆದ ಮೇಲೆ ಸೊರ್ ಎಂದು ಜೋರಾಗಿ ಎಳೆದರೆ ಔಷಧ ಗಂಟಲಿಗೆ ಹೋಗುತ್ತದೆ, ಮೂಗಿನಲ್ಲಿ ಉಳಿಯುವುದಿಲ್ಲ.

ಜೊತೆಗೆ ದಿನಕ್ಕೆರಡು ಸಲ ಉಪ್ಪುನೀರಿನಲ್ಲಿ ಮೂಗು ತೊಳೆಯುವುದು. ಕಾಲು ಲೀಟರ್ ನೀರಿಗೆ ಅರ್ಧ ಚಮಚ ಅಯೋಡಿನ್ ಇಲ್ಲದ ಉಪ್ಪು, ಒಂದು ಚಿಟಿಕೆ ಅಡುಗೆ ಸೋಡಾ. ನೀರು ಕುದಿಸಿ ಆರಿಸಿದ್ದೇ ಆಗಿರಬೇಕು. ಕೇರಳದಲ್ಲಿ ಕೆರೆ ಬಾವಿಯ ನೀರು ಮೂಗಿಗೆ ಹೋಗಿ ಅಮೀಬಾ ಮಿದುಳಿಗೆ ಏರಿದ ಸುದ್ದಿ ನಾವೆಲ್ಲ ಓದಿದ್ದೇವೆ. ಜಲನೇತಿ ಮಾಡುವವರಿಗೂ ಇದೇ ಮಾತು. ರಾತ್ರಿಗೆ ಲಿವೋಸೆಟ್ರಿಜಿನ್ 5 ಮಿಲಿಗ್ರಾಂ, ಅಲರ್ಜಿಗೆ. ತಲೆ ಎತ್ತರಕ್ಕೆ ಎರಡು ದಿಂಬು. ಮೆಂಥಾಲ್ ಮುಲಾಮು ಹಚ್ಚಬಹುದೇ ಎಂದರು, ಹಚ್ಚಿಕೊಳ್ಳಿ ಅಂದೆ. ಅದು ಮೂಗನ್ನು ತೆರೆಯುವುದಿಲ್ಲ, ತಣ್ಣಗಿನ ಅನುಭವ ಕೊಟ್ಟು ತೆರೆದಂತೆ ಅನ್ನಿಸುತ್ತದೆ ಅಷ್ಟೇ. ಕೆಟ್ಟ ರಾತ್ರಿಯಲ್ಲಿ ಅಷ್ಟಾದರೂ ಸಿಗಲಿ.

ಎಂಟನೇ ದಿನ ಬಲ ಹೊಳ್ಳೆಗೆ ಡ್ರಾಪ್ಸ್ ಬಂದ್. ಜಾಗ ಜಾಸ್ತಿ ಇರುವ ಕಡೆಯಿಂದ ಶುರು ಮಾಡಿದರೆ ಗೆಲ್ಲುವುದು ಸುಲಭ. ಎಡಕ್ಕೆ ರಾತ್ರಿ ಮಾತ್ರ, ಎರಡೇ ಹನಿ. ಎರಡನೇ ರಾತ್ರಿ ಹನ್ನೊಂದಕ್ಕೆ ಫೋನ್ ಬಂತು.

"ಬಲಗಡೆ ಪೂರಾ ಬಂದ್ ಆಗೇತ್ರಿ ಸರ."

"ಎಡಗಡೆ ಆಡ್ತಾ ಇದೆಯಾ?"

"ಆಡಾಕತ್ತೇತ್ರಿ."

"ಹಾಗಾದರೆ ಬಲಮಗ್ಗುಲಾಗಿ ಮಲಗಿ." ಯಾವ ಮಗ್ಗುಲು ಕೆಳಗಿರುತ್ತದೋ ಆ ಹೊಳ್ಳೆಗೆ ರಕ್ತ ತುಂಬಿಕೊಳ್ಳುತ್ತದೆ. ಹೇಗೂ ಕಟ್ಟಿರುವುದನ್ನು ಕೆಳಗೆ ಮಾಡಿದರೆ ಮೇಲಿನದು ತೆರೆದಿರುತ್ತದೆ. ಅವತ್ತು ನಿದ್ದೆ ಬಂತು ಎಂದು ಬೆಳಿಗ್ಗೆ ಮೆಸೇಜ್ ಬಂತು.

ಬಲಕ್ಕೆ ನಿಲ್ಲಿಸಿದ ಐದನೇ ದಿನ ಹಿರೇಕೆರೂರಿನ ಕಡೆ ಒಂದು ಮದುವೆ. ರಾತ್ರಿ ಎಲ್ಲರ ಜೊತೆ ಹಾಲ್‌ನಲ್ಲಿ ಮಲಗಬೇಕು, ಗೊರಕೆಗೆ ಜನ ನಗುತ್ತಾರೆ ಎಂದು ಬಲಕ್ಕೂ ಹಾಕಿಕೊಂಡುಬಿಟ್ಟರು. ನನಗೆ ಹೇಳಿದ್ದು ಹೆಂಡತಿ. ಇಂಥದ್ದು ಆಗುತ್ತದೆ. ಒಂದು ರಾತ್ರಿ ಹಾಕಿದ್ದಕ್ಕೆ ಎಲ್ಲವೂ ಹೋಯಿತು ಎಂದು ಕೈಚೆಲ್ಲುವುದು ಬೇಡ, ನಾಳೆಯಿಂದ ಮುಂದುವರಿಸಿ ಅಂದೆ. ಮುಂದುವರಿಸಿದರು. ಮೂರನೇ ವಾರದ ಕೊನೆಗೆ ಕ್ಲಿನಿಕ್ಕಿಗೆ ಬಂದವರೇ ಹೆಬ್ಬೆರಳಿನಿಂದ ಎಡ ಹೊಳ್ಳೆ ಒತ್ತಿ ಹಿಡಿದು, ಬಲದಿಂದ ಉಸಿರು ಎಳೆದು ಬಿಟ್ಟು ತೋರಿಸಿದರು. "ಡ್ರಾಪ್ಸ್ ಇಲ್ಲದ ಆಡಾಕತ್ತೇತ್ರಿ ಸರ!" ಎಡ ಹೊಳ್ಳೆ ಬಿಡಿಸಲು ಹೆಚ್ಚು ಮಾತು ಬೇಕಾಗಲಿಲ್ಲ. ತನ್ನ ಮೂಗು ತಾನೇ ತೆರೆಯಬಲ್ಲದು ಎನ್ನುವುದನ್ನು ಅವರು ಕಣ್ಣಾರೆ ಕಂಡಿದ್ದರು. ಆರನೇ ವಾರಕ್ಕೆ ನಾಲ್ಕೂ ಬಾಟಲಿ ಹೋದವು.

ಮೂರನೇ ತಿಂಗಳಲ್ಲಿ ನೋಡಿದಾಗ ಪೊರೆ ತಿಳಿಗುಲಾಬಿ ಬಣ್ಣಕ್ಕೆ ಬಂದಿತ್ತು, ಟರ್ಬಿನೇಟಿಗೂ ನಡುಗೋಡೆಗೂ ನಡುವೆ ಜಾಗ ಕಾಣುತ್ತಿತ್ತು. ಬಿಪಿ 132/84. ಉಪ್ಪಿನಕಾಯಿ ಹಪ್ಪಳ ಕಡಿಮೆ ಮಾಡಿದ್ದರು, ನಿದ್ದೆ ಸರಿಯಾಗಿತ್ತು, ಆದ್ದರಿಂದ ಇಳಿದದ್ದೆಲ್ಲ ಡ್ರಾಪ್ಸ್ ಬಿಟ್ಟದ್ದರಿಂದಲೇ ಎಂದು ಹೇಳಲಾರೆ. ಆದರೆ ರಕ್ತನಾಳ ಬಿಗಿ ಮಾಡುವ ಈ ಔಷಧ ಬಿಪಿ ಏರಿಸಬಲ್ಲದು. ಬಿಪಿ, ಹೃದಯದ ತೊಂದರೆ, ಗ್ಲಾಕೋಮಾ ಎಂಬ ಕಣ್ಣಿನ ಕಾಯಿಲೆ, ಪ್ರಾಸ್ಟೇಟ್ ಸಮಸ್ಯೆ ಇರುವವರು ವೈದ್ಯರನ್ನು ಕೇಳದೆ ಒಂದು ದಿನವೂ ಹಾಕಿಕೊಳ್ಳಬಾರದು. ದೊಡ್ಡವರ ಬಾಟಲಿಯಿಂದ ಪುಟ್ಟ ಮಕ್ಕಳಿಗಂತೂ ಹಾಕಲೇಬೇಡಿ. ಮಗು ಮಂಪರಿಗೆ ಜಾರಬಹುದು, ಉಸಿರು, ಎದೆಬಡಿತ ನಿಧಾನವಾಗಬಹುದು.

ಅವರಿಗೆ ಎಲ್ಲಕ್ಕಿಂತ ಖುಷಿ ಕೊಟ್ಟದ್ದು ವಾಸನೆ ಮರಳಿದ್ದು. ಒದ್ದೆ ಮಾಲು ಚೀಲದ ತಳದಲ್ಲಿದ್ದರೆ ಅದರ ಮುಗ್ಗು ವಾಸನೆ ಚೀಲ ಬಿಚ್ಚುವ ಮೊದಲೇ ತಿಳಿಯಬೇಕು, ಮಾರುಕಟ್ಟೆಯಲ್ಲಿ ಬೆಳೆದವರಿಗೆ ಅದು ಮರ್ಯಾದೆಯ ಪ್ರಶ್ನೆ. ಒಂದು ವರ್ಷದಿಂದ ಆ ವಾಸನೆ ಹತ್ತದೆ, ಹಮಾಲರನ್ನು ಕೇಳಿ ಲೆಕ್ಕ ಬರೆಯುತ್ತಿದ್ದೆ ಎಂದು ಅವತ್ತು ಮೊದಲ ಸಲ ಹೇಳಿದರು.

ಮುಂದಿನ ಹಂಗಾಮಿಗೆ ಡಿಸೆಂಬರ್ ಮಧ್ಯದಲ್ಲೇ ಸ್ಟೀರಾಯ್ಡ್ ಸ್ಪ್ರೇ ಮತ್ತೆ ಶುರು ಮಾಡಿಸಿದೆ. ಅಂಗಡಿಯಲ್ಲಿ ಎನ್95 ಮಾಸ್ಕ್, ಮನೆಗೆ ಬಂದ ಕೂಡಲೇ ಉಪ್ಪುನೀರು. ಫೆಬ್ರವರಿಯಲ್ಲಿ ಶೀತ ಬಂತು, ಮೂಗು ಕಟ್ಟಿತು, ಒಂದು ವಾರಕ್ಕೆ ಹೋಯಿತು. ಡ್ರಾಪ್ಸ್ ಕೊಳ್ಳಲಿಲ್ಲ. ಇಂಥವರು ಮೂರು ದಿನದ ಲೆಕ್ಕಕ್ಕೂ ಮತ್ತೆ ಅದನ್ನು ಮುಟ್ಟದಿರುವುದೇ ಒಳ್ಳೆಯದು. ಒಮ್ಮೆ ಹೀಗಾದ ಮೂಗಿನಲ್ಲಿ ಮರುಕಟ್ಟುವಿಕೆ ಬೇಗ ಮರಳಬಹುದು. ನಡುಗೋಡೆಯ ಬಾಗು ಹಾಗೇ ಇದೆ. ಡ್ರಾಪ್ಸ್ ಬಿಟ್ಟು ಮೂರು ತಿಂಗಳಾದರೂ ಮೂಗು ತೆರೆಯದೇ ಇದ್ದಿದ್ದರೆ ಟರ್ಬಿನೇಟ್ ಕಿರಿದು ಮಾಡುವ ಬಗ್ಗೆ, ನಡುಗೋಡೆ ನೇರ ಮಾಡುವ ಬಗ್ಗೆ ಯೋಚಿಸುತ್ತಿದ್ದೆವು. ಈಗ ಅದರ ಅಗತ್ಯ ಕಾಣುತ್ತಿಲ್ಲ. ವರ್ಷಕ್ಕೊಮ್ಮೆ, ಹಂಗಾಮಿನ ಮೊದಲು, ಬಂದು ತೋರಿಸಿಕೊಂಡು ಹೋಗಲು ಹೇಳಿದ್ದೇನೆ.